ಆಹೇರಿಯಾಗಿ ಹೋದ ಕಂಪ್ಯೂಟರ್

ಕಲ್ಯಾಣಕುಮಾರ ಸರ್ ತಮ್ಮ ಮನೆಯ ಕಂಪ್ಯೂಟರನ್ನು ಬಿಚ್ಚಿದ್ದು ಅದು ಕೆಟ್ಟಿತ್ತೆಂದಲ್ಲ. ಸ್ವಲ್ಪ ನಿಧಾನವಾಗಿತ್ತು, ಅಷ್ಟೆ. ಬೆಳಿಗ್ಗೆ ಬಟನ್ ಒತ್ತಿ, ಮುಖ ತೊಳೆದು, ಚಹಾ ಕುಡಿದು ಬಂದರೆ ತಯಾರಾಗಿರುತ್ತಿತ್ತು. ಇದಕ್ಕಿಂತ ನಿಧಾನವಾಗಿ ಏಳುವ ಮನುಷ್ಯರು ಆಳಂದದಲ್ಲಿ ಬೇಕಾದಷ್ಟಿದ್ದಾರೆ. ಅವರನ್ನು ಯಾರೂ ಬಿಚ್ಚಿ ನೋಡಿಲ್ಲ.

ನಾನು ಲಾಡ್ಲೆಸಾಬ, ಅವರ ಪಕ್ಕದ ಮನೆಯವನು. ಬಸ್ ಸ್ಟ್ಯಾಂಡಿನ ಹಿಂದೆ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ರೈತರ ಪಂಪ್‌ಸೆಟ್ ಸುಟ್ಟರೆ ನನ್ನ ಒಲೆ ಉರಿಯುತ್ತದೆ. ಯಂತ್ರಗಳ ವಿಷಯದಲ್ಲಿ ನನ್ನದು ಒಂದೇ ನಿಯಮ: ನಡೆಯುತ್ತಿದ್ದರೆ ಮುಟ್ಟಬಾರದು. ಸರ್ ಅವರಿಗೂ ಇದನ್ನು ಹೇಳಿದ್ದೆ. ಆದರೆ ಅವರು ಹೇಳುವವರೇ ಹೊರತು ಕೇಳುವವರಲ್ಲ. ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಗುಮಾಸ್ತರಾಗಿದ್ದಾರೆ. ಊರಲ್ಲಿ ಯಾವ ಕಾರ್ಯಕ್ರಮ ನಡೆಯಲಿ, ಕೊನೆಗೆ ವಂದನಾರ್ಪಣೆ ಅವರದೇ. ಅಧ್ಯಕ್ಷರಿಂದ ಹಿಡಿದು ಕುರ್ಚಿ ಬಾಡಿಗೆಗೆ ಕೊಟ್ಟವನವರೆಗೆ ಎಲ್ಲರಿಗೂ ವಂದಿಸಿ ಮುಗಿಸುವಷ್ಟರಲ್ಲಿ ಆ ಕುರ್ಚಿಗಳು ಅರ್ಧ ಖಾಲಿಯಾಗಿರುತ್ತವೆ.

ಅವರ ಹೆಂಡತಿ ಶಿವಗಂಗಾ ಜೇವರ್ಗಿ ಕಡೆಯ ನೆಲೋಗಿಯವರು, ನಾವು ಅತ್ತಿಗೆಗೆ ಅನ್ನುವಂತೆ ವೈನಿ ಅನ್ನುತ್ತೇವೆ. ಅವರು ಮಾತಾಡಿದ್ದನ್ನು ಓಣಿಯಲ್ಲಿ ಕೇಳಿದವರು ಕಡಿಮೆ. ಆದರೆ ಶ್ರಾವಣದಲ್ಲಿ ಗುಡಿಯ ಕಟ್ಟೆಗೆ ಕೂತು ಪುರಾಣ ಓದಿದರೆಂದರೆ, ಬೀಡಿ ಸೇದುವವರು ಬೀಡಿ ಆರಿದ್ದೂ ತಿಳಿಯದೆ ಕೂತಿರುತ್ತಾರೆ. ಅಂಥ ದನಿ. ಈ ವರ್ಷ ಅವರು ಯಾರಿಗೂ ಹೇಳದೆ, ನನ್ನ ಹೆಂಡತಿ ಮುಮತಾಜಳ ಮೊಬೈಲಿನಿಂದ ಒಂದು ಕಂಪನಿಗೆ ಅರ್ಜಿ ಹಾಕಿದರು. ಕಥೆ ಪುಸ್ತಕಗಳನ್ನು ಓದಿಸಿ ಜನರಿಗೆ ಮೊಬೈಲಿನಲ್ಲಿ ಕೇಳಿಸುವ ಕಂಪನಿ. ಮನೆಯಲ್ಲೇ ಕೂತು ಓದುವ ಕೆಲಸ, ಇರುವುದು ಒಂದೇ ಜಾಗ. ರವಿವಾರ ಹನ್ನೊಂದು ಗಂಟೆಗೆ ಧ್ವನಿ ಪರೀಕ್ಷೆ ಎಂದು ಉತ್ತರ ಬಂತು. ಕಂಪ್ಯೂಟರಿನಿಂದಲೇ ಮಾತಾಡಬೇಕು, ಮೊಬೈಲ್ ನಡೆಯುವುದಿಲ್ಲ, ಆ ಹೊತ್ತು ತಪ್ಪಿದರೆ ಮತ್ತೆ ಅವಕಾಶವಿಲ್ಲ ಎಂದು ಷರತ್ತು. ಮದುವೆಯಾದ ಹದಿನೇಳು ವರ್ಷಗಳಲ್ಲಿ ವೈನಿ ತಮಗೆಂದು ಬಯಸಿದ್ದು ಇದೊಂದನ್ನೇ ಎಂದು ಮುಮತಾಜ ನನಗೆ ಹೇಳಿದಳು.

ವಿಷಯ ತಿಳಿದ ಸರ್ ಅವರಿಗೆ ಹುರುಪು ಬಂತು. ಹೆಂಡತಿಯ ಪರೀಕ್ಷೆ, ಅದೂ ತಮ್ಮ ಕಂಪ್ಯೂಟರಿನಲ್ಲಿ. ಅದು ಮುದಿ ಎತ್ತಿನಂತೆ ತೆವಳಿದರೆ ಮರ್ಯಾದೆ ಹೋಗುವುದು ಯಾರದು? ಇದ್ದದ್ದೇ ಸಾಕಲ್ಲ, ಬೇಕಾದರೆ ಶಾಲೆಯದನ್ನು ಒಂದು ದಿನ ಕೇಳೋಣ ಎಂದು ವೈನಿ ಮೆಲ್ಲಗೆ ಅಂದರಂತೆ. ಮನೆಯಲ್ಲಿ ತಾವಿರುವಾಗ ಊರವರ ಮುಂದೆ ಕೈಯೊಡ್ಡುವುದೇ ಎಂದು ಇವರು ಅರ್ಧ ತಾಸು ಮಾತಾಡಿದರು. ಮೂರು ವಿಡಿಯೋ ನೋಡಿದರು. ಸೊಲ್ಲಾಪುರಕ್ಕೆ ಹೋಗಿ ಹಳೆಯ ಸಾಮಾನಿನ ಅಂಗಡಿಯಿಂದ ಒಂದು ಮದರ್‌ಬೋರ್ಡ್ ತಂದರು. ಕಂಪ್ಯೂಟರಿನ ಎಲ್ಲ ಭಾಗಗಳೂ ಬಂದು ಕೂಡುವ ದೊಡ್ಡ ಹಸಿರು ಹಲಗೆ ಅದು. ಹಳೆಯದನ್ನು ಕಿತ್ತು ಹೊಸದನ್ನು ಕೂಡಿಸಿ, ಇದ್ದದ್ದನ್ನೆಲ್ಲ ಅಳಿಸಿ ವಿಂಡೋಸ್ ಹಾಕಿದರು. ಕೊನೆಗೆ ನಾಲ್ಕು ಸ್ಕ್ರೂ ಉಳಿದವು. ಕಂಪನಿಯವರು ಹೆಚ್ಚಿಗೆ ಹಾಕಿರುತ್ತಾರೆ ಎಂದು ಅವನ್ನು ಅಡಿಕೆಯ ಡಬ್ಬಿಗೆ ಹಾಕಿದರು.

ಬಟನ್ ಒತ್ತಿದರೆ ಪರದೆ ಥಟ್ಟನೆ ಬೆಳಗಿತು. ನಮ್ಮಿಬ್ಬರನ್ನೂ ಕರೆದು ಪೇಢಾ ಕೊಟ್ಟರು. ತಮ್ಮದೇ ಒಂದು ವಂದನಾರ್ಪಣೆಯ ವಿಡಿಯೋ ಪೆನ್‌ಡ್ರೈವಿನಲ್ಲಿತ್ತು, ಅದನ್ನು ಹಚ್ಚಿದರು. ವೇದಿಕೆಯ ಮೇಲೆ ಸರ್ ಕೈ ಬೀಸುತ್ತಿದ್ದರು, ಬಾಯಿ ತೆರೆದು ಮುಚ್ಚುತ್ತಿತ್ತು, ದನಿ ಮಾತ್ರ ಇಲ್ಲ. ನನಗೇನೋ ಹಾಗೆಯೇ ಚೆನ್ನಾಗಿ ಕಂಡಿತು. ವೈನಿಯ ಕೈಯಲ್ಲಿ ಪೇಢಾ ಹಾಗೇ ಉಳಿದಿತ್ತು.

ಇಲ್ಲಿ ಡ್ರೈವರ್ ಎಂಬ ಮಾತು ಬರುತ್ತದೆ. ಗಾಡಿ ಓಡಿಸುವವನಲ್ಲ, ಆ ಜೋಕು ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಎಂದೋ ಸವೆದುಹೋಗಿದೆ. ಕಂಪ್ಯೂಟರಿಗೂ ಅದರ ಒಂದೊಂದು ಅಂಗಕ್ಕೂ ಮಾತುಕತೆ ನಡೆಯಬೇಕಾದರೆ ನಡುವೆ ಒಬ್ಬ ದುಭಾಷಿ ಬೇಕು. ದನಿಗೊಬ್ಬ, ನೆಟ್ಟಿಗೊಬ್ಬ, ಪರದೆಗೊಬ್ಬ. ಆ ದುಭಾಷಿಗೇ ಡ್ರೈವರ್ ಎನ್ನುತ್ತಾರೆ. ಅವನು ಬರದಿದ್ದರೆ ಆ ಅಂಗ ಇದ್ದೂ ಇಲ್ಲದಂತೆ, ಅದರ ಹೆಸರಿನ ಮುಂದೆ ಕಂಪ್ಯೂಟರು ಹಳದಿ ಗುರುತು ಹಾಕಿ ತೋರಿಸುತ್ತದೆ. ಸರ್ ಅವರ ಕಂಪ್ಯೂಟರಿನಲ್ಲಿ ಐದು ಹಳದಿ ಗುರುತುಗಳಿದ್ದವು.

ದನಿಯ ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು. ನೆಟ್ ಬರಲು ನೆಟ್ಟಿನ ಡ್ರೈವರ್ ಬೇಕು. ನೆಟ್ಟಿನ ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುವುದು ಇದಕ್ಕೇ. ಎರಡು ದಿನ ಸರ್ ಗಾಣದ ಎತ್ತಾದರು. ಮೂರನೆಯ ದಿನ ಮುಮತಾಜ, ಮೊಬೈಲಿನಲ್ಲಿ ಇಳಿಸಿ ಪೆನ್‌ಡ್ರೈವಿಗೆ ಹಾಕಿಕೊಂಡರೆ ಆಗುವುದಿಲ್ಲವೇ ಎಂದು ಕೇಳಿದಳು. ತಾವೂ ಅದನ್ನೇ ಯೋಚಿಸುತ್ತಿದ್ದುದಾಗಿ ಸರ್ ಹೇಳಿದರು.

ಮೊಬೈಲಿನಲ್ಲಿ ಸಿಕ್ಕ ಪುಟದಲ್ಲಿ ಡೌನ್‌ಲೋಡ್ ಎಂದು ಬರೆದ ಹಸಿರು ಬಟನ್ನುಗಳು ಆರು. ಅವುಗಳಲ್ಲಿ ಒಂದೂ ನಿಜವಾದದ್ದಲ್ಲ. ನಿಜವಾದದ್ದು ಹಸಿರಾಗಿರಲಿಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಸರ್ ಆರನ್ನೂ ಒತ್ತಿ, ಬಂದದ್ದನ್ನೆಲ್ಲ ಪೆನ್‌ಡ್ರೈವಿನಿಂದ ಕಂಪ್ಯೂಟರಿಗೆ ಹಾಕಿದರು. ಮೊದಲನೆಯದರಿಂದ ಯಾವುದೋ ದೇಶದ ಹವಾಮಾನ ಬಂತು. ಎರಡನೆಯದರಿಂದ ಒಂದು ಕಸಬರಿಗೆಯ ಚಿತ್ರ ಬಂದು, ಈ ಕಂಪ್ಯೂಟರಿನಲ್ಲಿ ನೂರ ನಲವತ್ತೇಳು ದೋಷಗಳಿವೆ ಎಂದು ಕೆಂಪು ಅಕ್ಷರದಲ್ಲಿ ಸಾರಿತು. ಜಾತಕ ನೋಡುವವರೂ ಮೊದಲ ಭೇಟಿಗೆ ಇಷ್ಟು ದೋಷ ಹೇಳುವುದಿಲ್ಲ. ಉಳಿದವು ಏನು ಮಾಡಿದವೆಂದು ತಿಳಿಯಲಿಲ್ಲ, ಆದರೆ ಕಂಪ್ಯೂಟರ್ ಮತ್ತೆ ಮೊದಲಿನಷ್ಟೇ ನಿಧಾನವಾಯಿತು.

ಸರಿಯಾದ ಡ್ರೈವರ್ ಸಿಗಬೇಕಾದರೆ ಬೋರ್ಡಿನ ಮಾಡೆಲ್ ನಂಬರ್ ಗೊತ್ತಿರಬೇಕು. ಡಬ್ಬದ ಮೇಲೆ ಒಂದು ನಂಬರ್ ಇತ್ತು, ಆದರೆ ಅಂಗಡಿಯವನು ಒಂದರ ಡಬ್ಬದಲ್ಲಿ ಇನ್ನೊಂದನ್ನು ಹಾಕಿ ಕೊಟ್ಟಿದ್ದ. ಸರ್ ಟಾರ್ಚ್ ಹಿಡಿದು ಬೋರ್ಡಿನ ಮೇಲೆಯೇ ಹುಡುಕಿದರು. ಒಂದು ಮೂಲೆಯಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು: 94-ವಿ-0. ಅದನ್ನು ಮೊಬೈಲಿಗೆ ಹಾಕಿದರೆ, ನೆಟ್ಟು ದೊಡ್ಡ ಮನಸ್ಸಿನದು ನೋಡಿ, 94-ವಿ-0 ಬೋರ್ಡಿನ ಡ್ರೈವರುಗಳೆಂದು ನಾಲ್ಕು ಪುಟ ತೋರಿಸಿತು. ಬುಧವಾರ ಒಂದು ಹಾಕಿದರು, ಗುರುವಾರ ಒಂದು, ಶುಕ್ರವಾರ ಒಂದು. ಮೂರೂ ಸಲ ಯಶಸ್ವಿಯಾಗಿದೆ ಎಂದು ಕಂಪ್ಯೂಟರ್ ಹೇಳಿತು. ಹೇಳಿತು ಎಂದರೆ ಬರೆದು ತೋರಿಸಿತು, ದನಿ ಬಂದಿರಲಿಲ್ಲ.

ಶನಿವಾರ ಮಧ್ಯಾಹ್ನ ವೈನಿ ನಮ್ಮ ಅಡುಗೆಮನೆಗೆ ಬಂದು ಮುಮತಾಜಳ ಹತ್ತಿರ ಕೂತರು. ಅಳಲಿಲ್ಲ. ಮೊರದಲ್ಲಿದ್ದ ತೊಗರಿಬೇಳೆಯನ್ನು ಆರಿಸುತ್ತ ಆರಿಸುತ್ತ, "ಆಗಲಿಲ್ಲಂದ್ರ ಬಿಡವ್ವಾ, ನನ್ನ ನಸೀಬದಾಗ ಇಷ್ಟೇ ಇತ್ತು ಅನ್ಕೋತೇನಿ" ಅಂದರು. ಆ ಬೇಳೆಯಲ್ಲಿ ಕಲ್ಲೇ ಇರಲಿಲ್ಲ, ಮುಮತಾಜ ಆಗಲೇ ಆರಿಸಿ ಇಟ್ಟಿದ್ದಳು. ನನಗೆ ಸಿಟ್ಟು ಬಂತು. ತಾನಾಗಿ ಸುಟ್ಟ ಮೋಟರ್ ಕಂಡರೆ ನನಗೆ ಸಿಟ್ಟು ಬರುವುದಿಲ್ಲ, ಸುಮ್ಮನೆ ಕೆದಕಿ ಸುಟ್ಟದ್ದನ್ನು ಕಂಡರೆ ಬರುತ್ತದೆ. ಸರ್ ಅವರನ್ನು ಕೇಳದೆಯೇ ಗುರುಶಾಂತನಿಗೆ ಫೋನ್ ಮಾಡಿದೆ.

ಗುರುಶಾಂತ ನನ್ನ ಅಂಗಡಿಯ ಎದುರಿಗೇ ಕಂಪ್ಯೂಟರ್ ರಿಪೇರಿ ಮಾಡುವವನು. ಬೋರ್ಡ್ ಬದಲಿಸಬೇಡಿ ಎಂದು ಮೊದಲೇ ಹೇಳಿದ್ದನಾದ್ದರಿಂದ ಸರ್ ಅವನ ಹೆಸರೆತ್ತುತ್ತಿರಲಿಲ್ಲ. ಎಂಟು ದಿನದಿಂದ ಅಂಗಡಿಗೆ ಬೀಗ ಹಾಕಿ ತನ್ನೂರು ಜಿಡಗಾಕ್ಕೆ ಹೋಗಿದ್ದ. ಸೋಮವಾರ ಅವನದೇ ಮದುವೆ, ಹುಡುಗಿ ಅಫಜಲಪುರದವಳು. ನಾನು ನಂಬರ್ ಹೇಳಿದ ಕೂಡಲೇ ಅವನು ನಗತೊಡಗಿದ.

"ಅದು ನಂಬರ್ ಅಲ್ರಿ ಕಾಕಾ. ಈ ಬೋರ್ಡಿಗೆ ಲಗೂನ ಬೆಂಕಿ ಹತ್ತೂದಿಲ್ಲ ಅಂತ ಬರದಿರ್ತಾರ. ಎಲ್ಲಾ ಬೋರ್ಡಿನ ಮ್ಯಾಲೂ ಇರ್ತದ ಅದು."

ಅಂದರೆ ಸರ್ ಮೂರು ದಿನ ಹುಡುಕಿದ್ದು ಬೆಂಕಿ ಹತ್ತದಿರುವುದರ ಡ್ರೈವರನ್ನು. ಒಂದು ತಾಸು ಬಂದು ಹೋಗು ಮಾರಾಯ ಎಂದು ಗುರುಶಾಂತನಿಗೆ ಹೇಳಿದೆ. ತನಗೆ ಆಗಲೇ ಅರಿಶಿನ ಹಚ್ಚಿದ್ದಾರೆ, ಇನ್ನು ತಾಳಿ ಕಟ್ಟುವತನಕ ಊರ ಸೀಮೆ ದಾಟುವಂತಿಲ್ಲ, ಅವ್ವ ಕೊಂದೇಬಿಡುತ್ತಾಳೆ, ನೀವೇ ತೆಗೆದುಕೊಂಡು ಬನ್ನಿ ಎಂದ. ಬೇಕಾದರೆ ವೈನಿ ಅಲ್ಲೇ ಕೂತು ಪರೀಕ್ಷೆ ಕೊಡಲಿ, ಒಂದು ಕೋಣೆ ಖಾಲಿ ಮಾಡಿಸುತ್ತೇನೆ ಎಂದೂ ಹೇಳಿದ. ಒಳ್ಳೆಯ ಹುಡುಗ.

ಬೇರೆ ದಾರಿಯಿಲ್ಲದೆ ಸರ್ ಒಪ್ಪಿದರು. ರವಿವಾರ ಬೆಳಿಗ್ಗೆ ಒಂದು ಟಂಟಂ ಆಟೋ ಮಾಡಿಕೊಂಡು ಸರ್, ವೈನಿ, ನಾನು ಮೂವರೂ ಹೊರಟೆವು. ಧೂಳು ಹೋಗಬಾರದೆಂದು ವೈನಿ ಕಂಪ್ಯೂಟರಿಗೆ ಹೊಸ ಕೆಂಪು ಚಾದರ ಸುತ್ತಿದರು. ಮದುವೆ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಒಂದು ಟಾವೆಲ್ಲು, ಒಂದು ತೆಂಗಿನಕಾಯಿ ತೆಗೆದುಕೊಂಡರು. ಪರದೆಯನ್ನು ನಾನು ಹಿಡಿದೆ. ಜಿಡಗಾದಲ್ಲಿ ಇಳಿದಾಗ ಸರ್, ಎರಡೆರಡು ಸಲ ಯಾರು ಓಡಾಡಬೇಕೆಂದು, ಟಾವೆಲ್ಲನ್ನೂ ತೆಂಗಿನಕಾಯಿಯನ್ನೂ ಕೆಂಪು ಗಂಟಿನ ಮೇಲಿಟ್ಟು ಎರಡೂ ಕೈಯಲ್ಲಿ ಎತ್ತಿಕೊಂಡು ಹಂದರದೊಳಗೆ ನಡೆದರು. ಮುಂದಿನದಕ್ಕೆಲ್ಲ ಕಾರಣ ಈ ನಡಿಗೆ.

ನಮ್ಮ ಕಡೆ ಮದುವೆಗೆ ತಂದ ಉಡುಗೊರೆಗೆ ಆಹೇರಿ ಎನ್ನುತ್ತಾರೆ, ಅದನ್ನು ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಇಂಥವರಿಂದ ಒಂದು ಕೊಡ, ಇಂಥವರಿಂದ ಒಂದು ಗೋಡೆ ಗಡಿಯಾರ ಎಂದು. ಕೂಗಿದ ಮೇಲೆ ಅದು ಮದುಮಕ್ಕಳದು. ವಾಪಸ್ ಕೇಳಿದರೆ ಎರಡೂ ಕಡೆಯ ಬೀಗರಿಗೆ ಅಪಮಾನ. ಆ ಮನೆಯಲ್ಲಿ ಮೈಕ್ ಹಿಡಿದವನು ಗುರುಶಾಂತನ ಸೋದರಮಾವ ಅಮೋಘಸಿದ್ದ. ಬೆಳಿಗ್ಗೆಯಿಂದ ಕೊಡ, ತಂಬಿಗೆಗಳನ್ನೇ ಕೂಗಿ ಬೇಸತ್ತಿದ್ದ. ಕೆಂಪು ಚಾದರದ ಸಂದಿಯಿಂದ ಬಟನ್ ಕಂಡದ್ದೇ ತಡ, ಅವನ ದನಿಗೆ ಕಳೆ ಬಂತು.

"ಆಳಂದದ ಕಲ್ಯಾಣಕುಮಾರ ಸರ್ ಅವರ ವತಿಯಿಂದ ಮದುಮಗನಿಗೆ ಒಂದು ಕಂಪ್ಯೂಟರ್ ಆಹೇರಿ. ಟಿವಿ ಸಮೇತ."

ಟಿವಿ ಎಂದರೆ ನನ್ನ ಕೈಯಲ್ಲಿದ್ದ ಪರದೆ. ಮುನ್ನೂರು ಜನ ತಿರುಗಿ ನೋಡಿದರು. ಆ ಕ್ಷಣದಲ್ಲಿ ಅಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಸರ್ ಅನ್ನಲೆಂದೇ ಬಾಯಿ ತೆರೆದರು. ಅಷ್ಟರಲ್ಲಿ ಯಾರೋ ಅವರ ತಲೆಗೆ ಬಿಳಿ ಟೊಪ್ಪಿಗೆ ಹಾಕಿದರು, ಹೆಗಲಿಗೆ ಟಾವೆಲ್ಲು ಹೊದಿಸಿದರು, ಮತ್ತು ಅಮೋಘಸಿದ್ದ ಎರಡು ಮಾತಾಡಿ ಎಂದು ಮೈಕನ್ನು ಅವರ ಬಾಯಿಗೆ ಹಿಡಿದ. ಬಂದ ಮೈಕನ್ನು ಸರ್ ಈ ಜನ್ಮದಲ್ಲಿ ಬೇಡವೆಂದದ್ದಿಲ್ಲ. ಏಳು ನಿಮಿಷ ಮಾತಾಡಿದರು. ಇದು ಗಣಕಯಂತ್ರದ ಯುಗವೆಂದರು, ತಮ್ಮದು ಅಳಿಲು ಸೇವೆಯೆಂದರು, ದಾನದ ಮಹಿಮೆಯ ಬಗ್ಗೆ ಒಂದು ವಚನವನ್ನೂ ಅರ್ಧ ಹೇಳಿದರು. ಇಳಿದು ಬಂದಾಗ ಕಂಪ್ಯೂಟರಿಗೆ ಕುಂಕುಮ ಹಚ್ಚಿ ಆಗಿತ್ತು. ವೈನಿ ಒಂದು ಕಂಬಕ್ಕೆ ಒರಗಿ ನಿಂತಿದ್ದರು. ಕೆಲಸ ಮುಗಿಯಲಿ, ಆಮೇಲೆ ನಿಧಾನಕ್ಕೆ ತಿಳಿಸಿ ಹೇಳೋಣ ಎಂದು ಸರ್ ನನ್ನ ಕಿವಿಯಲ್ಲಿ ಅಂದರು. ಯಾರಿಗೆ ತಿಳಿಸುವುದೆಂದು ನಾನು ಕೇಳಲಿಲ್ಲ.

ಗುರುಶಾಂತ ಮೈಯೆಲ್ಲ ಅರಿಶಿನ ಮೆತ್ತಿಕೊಂಡು ಮಣೆಯ ಮೇಲಿದ್ದ. ನಡೆದದ್ದು ಅವನಿಗೆ ಅರ್ಥವಾಯಿತು. ಆಹೇರಿ ನಡೆಯುತ್ತದೋ ಇಲ್ಲವೋ ನೋಡಿಬಿಡುತ್ತೇನೆ ಎಂದು ಹಿರಿಯರಿಗೆ ಹೇಳಿ, ಒಳಗಿನ ಕಾಳಿನ ಕೋಣೆಗೆ ಕಂಪ್ಯೂಟರ್ ತರಿಸಿದ. ಮಗ್ಗುಲ ತಗಡು ತೆಗೆದು ಎರಡು ಸಂದಿಗಳ ನಡುವಿನ ಧೂಳನ್ನು ಬೆರಳಿನಿಂದ ಒರೆಸಿದ. ನಿಜವಾದ ನಂಬರ್ ಅಲ್ಲೇ ದಪ್ಪ ಅಕ್ಷರದಲ್ಲಿತ್ತು. ಧೂಳಿನ ಕೆಳಗಿದ್ದದ್ದರಿಂದ ಸರ್ ಕಣ್ಣಿಗೆ ಬಿದ್ದಿರಲಿಲ್ಲ. ಕಸಬರಿಗೆಯನ್ನೂ ಹವಾಮಾನವನ್ನೂ ಕಿತ್ತೆಸೆದ. ಬೋರ್ಡ್ ತಯಾರಿಸಿದವರ ಪುಟದಿಂದಲೇ ತನ್ನ ಮೊಬೈಲಿನಲ್ಲಿ ಡ್ರೈವರ್ ಇಳಿಸಿ, ವೈರಿನಿಂದ ದಾಟಿಸಿದ, ನೆಟ್ಟನ್ನೂ ಅದರಿಂದಲೇ ಕೊಟ್ಟ. ಐದು ಹಳದಿ ಗುರುತುಗಳು ಒಂದೊಂದಾಗಿ ಹೋದವು. ಅವನ ಬೆರಳಿನ ಅರಿಶಿನ ಹತ್ತಿ ಕೀಬೋರ್ಡು ಹಳದಿಯಾಯಿತು. ಹತ್ತೂವರೆಗೆ ಕಂಪ್ಯೂಟರ್ ಟಿಣ್ ಅಂದಿತು. ವೈನಿ ಮೊದಲ ಸಲ ನಕ್ಕರು.

ಇನ್ನು ಮಾತಾಡುವ ಮೈಕ್ ಇರುವ ಹೆಡ್‌ಫೋನ್ ಸಿಕ್ಕಿಸಿದರೆ ಆಯಿತು ಎಂದ ಗುರುಶಾಂತ. ಅದನ್ನು ತರುವ ಜವಾಬ್ದಾರಿ ಸರ್ ಅವರದಾಗಿತ್ತು. ಅದು ಆಳಂದದಲ್ಲಿ ಮೊಳೆಗೆ ತೂಗುತ್ತಿತ್ತು. ಇಡೀ ಜಿಡಗಾದಲ್ಲಿ ಆ ಹೊತ್ತಿಗೆ ಕೈಗೆ ಸಿಗುವ ಮೈಕ್ ಒಂದೇ, ಅಮೋಘಸಿದ್ದನ ಕೈಯಲ್ಲಿದ್ದದ್ದು. ಅದನ್ನು ಅವನಿಂದ ಬಿಡಿಸಲು ಹತ್ತು ನಿಮಿಷ ಹಿಡಿಯಿತು. ವೈರ್ ಸುಲಿದು ಕೂಡಿಸುವುದು ನನ್ನ ಕಸುಬು. ಆಂಪ್ಲಿಫೈಯರನ್ನು ಕೋಣೆಯೊಳಗೆ ತಂದು ಕಂಪ್ಯೂಟರಿಗೆ ಜೋಡಿಸಿದೆ. ಆದರೆ ಹೊರಗೆ ಬೇವಿನ ಮರಕ್ಕೆ ಕಟ್ಟಿದ ಎರಡು ಹಾರ್ನುಗಳ ವೈರನ್ನು ಕಿತ್ತುಹಾಕುವುದು ಮರೆತೆ. ಇದು ನನ್ನ ತಪ್ಪೇ, ಒಪ್ಪುತ್ತೇನೆ.

ಗುರುಶಾಂತನ ತಾಯಿ ಗೌರಾಬಾಯಿ, ಆ ಮನೆಯ ಯಜಮಾನಿ. ಹೆಣ್ಣುಮಗಳ ಪರೀಕ್ಷೆ, ಅರ್ಧ ತಾಸು ಸದ್ದು ಆಗಬಾರದು ಎಂದು ಗುರುಶಾಂತ ಕೇಳಿಕೊಂಡಾಗ ಎರಡನೇ ಮಾತಾಡಲಿಲ್ಲ. ಹಂದರಕ್ಕೆ ಬಂದು, "ಹನ್ನೊಂದೂವರಿತನಕ ಯಾರೂ ಪಿಟ್ ಅನಬ್ಯಾಡ್ರಿ. ಅಂದವರಿಗೆ ಊಟ ಇಲ್ಲ" ಅಂದರು. ಹಾಡುವ ಹೆಂಗಸರು ನಿಲ್ಲಿಸಿದರು. ಒಳಕಲ್ಲು ನಿಂತಿತು. ಅಳುವ ಕೂಸುಗಳನ್ನು ಹೊಲದ ಕಡೆ ಎತ್ತಿಕೊಂಡು ಹೋದರು. ಮದುವೆ ಮನೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಹಿಂದೆ ಕಂಡಿಲ್ಲ.

ಸರಿಯಾಗಿ ಆ ಹೊತ್ತಿಗೆ ಅಫಜಲಪುರದಿಂದ ಹೆಣ್ಣಿನ ಕಡೆಯವರು ಬಂದಿಳಿದರು. ಹಲಗಿ ಬಾರಿಸುವವರು ಕೋಲು ಎತ್ತಿದ್ದರು, ನಾನು ಓಡಿ ಹೋಗಿ ಹಲಗಿಯನ್ನೇ ಅಪ್ಪಿಕೊಂಡೆ. ಹುಡುಗಿಯ ಸೋದರಮಾವ, ದೊಡ್ಡ ಮೀಸೆಯ ಮನುಷ್ಯ, ಏನಾಯಿತೆಂದು ಕೇಳಿದರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಒಳಗೆ ನೋಡಿದರೆ ಮುನ್ನೂರು ಜನ ಮುಖ ಕೆಳಗೆ ಹಾಕಿ ಕೂತಿದ್ದಾರೆ, ಮದುಮಗ ಮಣೆಯ ಮೇಲಿಲ್ಲ, ಬಾಗಿಲು ಮುಚ್ಚಿದೆ. ಯಾರನ್ನು ಕೇಳಿದರೂ ತಲೆ ಅಲ್ಲಾಡಿಸುತ್ತಾರೆ, ಮಾತಾಡಿದರೆ ಊಟ ಹೋಗುತ್ತದೆ. ಸೋದರಮಾವನ ಕಣ್ಣಲ್ಲಿ ನೀರು ಬಂತು. ಕರವಸ್ತ್ರ ತೆಗೆದು, ಇದ್ದದ್ದು ಹೇಳ್ರಿ, ಹುಡುಗ ಉಳದಾನೋ ಇಲ್ಲೋ ಎಂದು ಪಿಸುಗುಟ್ಟಿದರು.

ಆಗ ಬೇವಿನ ಮರ ಮಾತಾಡಿತು. ಪೇಟೆಯ ಹೆಣ್ಣುಮಗಳೊಬ್ಬಳ ನುಣುಪಾದ ದನಿ.

"ನಮಸ್ಕಾರ ಶಿವಗಂಗಾ ಅವರೇ. ನನ್ನ ಧ್ವನಿ ಕೇಳಿಸುತ್ತಿದೆಯೇ?"

ಊರ ಆ ತುದಿಗೂ ಕೇಳಿಸಿತು. ಕೇಳಿಸುತ್ತದೆ ಎಂದು ವೈನಿ ಒಳಗಿನಿಂದ ಹೇಳಿದ್ದೂ ಊರಿಗೆಲ್ಲ ಕೇಳಿಸಿತು. ನಾನು ಹಾರ್ನಿನ ವೈರ್ ಕೀಳಲು ಎದ್ದೆ, ಗೌರಾಬಾಯಿ ಕಣ್ಣಿನಲ್ಲೇ ಕೂಡ್ರಿಸಿದರು. ಈ ಕೆಲಸ ನಿಮಗೆ ಏಕೆ ಬೇಕು ಎಂದು ಆ ದನಿ ಕೇಳಿತು. ವೈನಿ ಮೊದಲು ಪುಸ್ತಕದ ಕನ್ನಡದಲ್ಲಿ, ಸಾಹಿತ್ಯದಲ್ಲಿ ಆಸಕ್ತಿ ಇದೆ ಎಂದು ಶುರು ಮಾಡಿದರು. ಆಮೇಲೆ ಆ ಕನ್ನಡವನ್ನು ಬಿಟ್ಟರು.

"ಖರೇ ಹೇಳಬೇಕಂದ್ರ, ನಮ್ಮ ಮನ್ಯಾಗ ಹದಿನೇಳು ವರ್ಷದಿಂದ ಒಬ್ಬರೇ ಮಾತಾಡಾಕತ್ತಾರ್ರಿ. ಅವರು ಕೆಟ್ಟವರಲ್ಲ. ಆದ್ರ ನನಗೂ ಒಂದು ಬಾಯಿ ಅದ ಅನ್ನೋದು ನನಗೇ ಮರ್ತು ಹೋಗಾಕತ್ತದ."

ಟೊಪ್ಪಿಗೆ ಹಾಕಿಕೊಂಡ ಸರ್ ಅವರನ್ನು ಮುನ್ನೂರು ಜನ ನೋಡಿದರು. ಅವರು ಏನೋ ಹೇಳಲು ಹೋದರು. ಅಮೋಘಸಿದ್ದ ಅವರ ಮೊಳಕಾಲು ಒತ್ತಿ ಹಿಡಿದ, ಊಟದ ಪ್ರಶ್ನೆ. ಅಫಜಲಪುರದ ಹೆಂಗಸೊಬ್ಬಳು ಇದೆಲ್ಲ ಈ ಮನೆಯ ಸೊಸೆಯದೇ ಗೋಳೆಂದು ತಿಳಿದು, ನಮ್ಮ ಹುಡುಗಿಯನ್ನು ಎಂಥ ಮನೆಗೆ ಕೊಟ್ಟೆವು ಎಂದು ಎದೆ ಮುಟ್ಟಿಕೊಂಡಳು. ನಾನು ಸರ್ ಕಡೆಗೆ ಬೆರಳು ತೋರಿಸಿ ಆಕೆಯನ್ನು ಸಮಾಧಾನ ಮಾಡಿದೆ.

ಮುಂದೆ ಓದುವ ಪರೀಕ್ಷೆ. ಕಂಪನಿಯವರು ಪರದೆಯ ಮೇಲೆ ಒಂದು ಪುಟ ಕಳಿಸಿದ್ದರು. ನಾಲ್ವರು ಬಾವಿ ತೋಡುವವರ ಕಥೆ. ಅರವತ್ತು ಅಡಿ ತೋಡಿದ್ದಾರೆ, ಕೆಳಗೆ ಬಂಡೆ ಬಂದಿದೆ, ಒಬ್ಬ ಬಂಡೆಗೆ ಕಿವಿಯಿಟ್ಟು ಸುಮ್ಮನಿರಿ ಅನ್ನುತ್ತಾನೆ. ವೈನಿ ಓದಿದರು. ಏನೂ ನಾಟಕವಿಲ್ಲದೆ, ಪಕ್ಕದಲ್ಲಿ ಕೂತವರಿಗೆ ಹೇಳಿದಂತೆ. ನನಗೆ ಆ ಬಂಡೆಯ ತಂಪು ಕೆನ್ನೆಗೆ ತಾಗಿದಂತಾಯಿತು. ನಾನು ಹಲಗಿಯನ್ನು ಬಿಟ್ಟಿದ್ದೆ, ಬಾರಿಸುವವನು ಕೋಲನ್ನು ಬಿಟ್ಟಿದ್ದ. ಒಬ್ಬನ ಕಿವಿಗೆ ಏನೋ ಕೇಳಿಸಿತು ಅನ್ನುವಲ್ಲಿಗೆ ಪುಟ ಮುಗಿಯಿತು.

ಆಮೇಲೆ ಹುಡುಗಿಯ ಸೋದರಮಾವ ಎದ್ದು, ಜನರನ್ನು ದಾಟಿಕೊಂಡು ಹೋಗಿ ಕೋಣೆಯ ಬಾಗಿಲು ತಟ್ಟಿದರು.

"ತಂಗಿ, ನೀರ ಬಿತ್ತೋ ಇಲ್ಲೋ, ಅದೊಂದು ಹೇಳಿಬಿಡು."

ಮೈಕು ಅದನ್ನೂ ಹಿಡಿದು ಕಂಪನಿಗೆ ಮುಟ್ಟಿಸಿತು. ಆ ಕಡೆ ನಗು ಕೇಳಿಸಿತು. ನಿಮ್ಮ ಓದನ್ನು ಕೇಳುವವರು ಆಗಲೇ ಇದ್ದಾರಲ್ಲ ಎಂದಿತು ಪೇಟೆಯ ದನಿ. ಇನ್ನು ಒಂದೇ ಪ್ರಶ್ನೆ, ದಿನವೂ ಓದಬೇಕಾಗುತ್ತದೆ, ಈ ಕಂಪ್ಯೂಟರ್ ಯಾವಾಗಲೂ ನಿಮ್ಮ ಬಳಿಯೇ ಇರುತ್ತದೆ ತಾನೇ ಎಂದು ಕೇಳಿತು. ಇಲ್ಲದಿದ್ದರೆ ಜಾಗವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದೂ ಸೇರಿಸಿತು.

ವೈನಿಗೆ ಸುಳ್ಳು ಬರುವುದಿಲ್ಲ.

"ಇವತ್ತ ಮುಂಜಾನಿತನಕ ಇತ್ರಿ."

ಹಂದರದಲ್ಲಿ ಕೂತವರಿಗೆ ಒಬ್ಬೊಬ್ಬರಾಗಿ ಅರ್ಥವಾಗತೊಡಗಿತು. ಆಹೇರಿ ಕೂಗಿದ ಅಮೋಘಸಿದ್ದ ನೆಲ ನೋಡಿದ. ಸರ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕೊಟ್ಟದ್ದನ್ನು ಬೇಡುವಂತಿಲ್ಲ, ಬಂದದ್ದನ್ನು ಬೀಗರ ಎದುರಿಗೆ ತಿರುಗಿ ಕೊಡುವಂತಿಲ್ಲ. ನನಗೆ ಆ ಏಳು ನಿಮಿಷದ ಭಾಷಣವನ್ನು ಸರ್ ಅವರ ಬಾಯಿಗೇ ತುರುಕಬೇಕೆನಿಸಿತು.

ಗೌರಾಬಾಯಿ ಎದ್ದರು. ಅಡುಗೆಮನೆಗೆ ಹೋಗಿ ಒಂದು ಮೊರದಲ್ಲಿ ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಒಂದು ರವಿಕೆಯ ಖಣ ಇಟ್ಟುಕೊಂಡು ಬಂದರು. ಕೋಣೆಯ ಬಾಗಿಲು ತೆಗೆದು, ಮೈಕಿನ ಎದುರಿಗೇ ನಿಂತು, ವೈನಿಗೆ ಸೆರಗು ಒಡ್ಡಲು ಹೇಳಿದರು. ಮನೆಗೆ ಬಂದ ಮುತ್ತೈದೆಯ ಉಡಿ ತುಂಬದೆ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಅಕ್ಕಿ ಹಾಕಿದರು, ಕೊಬ್ಬರಿ ಹಾಕಿದರು, ಖಣ ಇಟ್ಟರು. ಆಮೇಲೆ ವೈನಿಯ ಕೈ ಹಿಡಿದು ಕಂಪ್ಯೂಟರಿನ ಮೇಲೆ ಇಟ್ಟರು.

"ಆಹೇರಿ ವಾಪಸ್ ಕೊಡೋದು ನಮ್ಮಲ್ಲಿ ಇಲ್ಲ. ಉಡಿ ತುಂಬೋದು ಅದ. ಇದೂ ಉಡ್ಯಾಗಿಂದೇ ಅಂತ ತಿಳ್ಕೋ. ಉಡ್ಯಾಗ ಹಾಕಿದ್ದು ಗಂಡಂದಲ್ಲ, ಹೆಣ್ಣಮಗಳದು. ಏ ಬಾಯಿ, ಕೇಳಸ್ತೇನು? ಈ ಕಂಪ್ಯೂಟರ್ ಇಕಿಂದೇ ಅದ, ದಿನಾ ಇಕಿ ಹಂತ್ಯಾಕೇ ಇರ್ತದ. ಬರ್ಕೋ."

ಬರೆದುಕೊಂಡೆ ಅಮ್ಮಾ ಎಂದು ಬೇವಿನ ಮರ ಹೇಳಿತು. ಅಷ್ಟು ಹೊತ್ತು ತಡೆದಿದ್ದ ಹಲಗಿಯವನು ಇನ್ನು ತಡೆಯಲಾರದೆ ಬಾರಿಸಿಬಿಟ್ಟ. ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು. ವೈನಿ ಉಡಿಯನ್ನು ಎದೆಗೆ ಒತ್ತಿಕೊಂಡು ಅಕ್ಕಿ ಚೆಲ್ಲದಂತೆ ನಿಂತು ಅಳುತ್ತಿದ್ದರು. ಸರ್ ಬಾಗಿಲ ಹತ್ತಿರ ಬಂದು, ಕಂಪ್ಯೂಟರ್ ಎತ್ತಿಕೊಳ್ಳಲೇನು ಎಂದು ಹೆಂಡತಿಯನ್ನು ಕೇಳಿದರು. ಅವರು ಆಕೆಯನ್ನು ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ನಿಧಾನಕ್ಕೆ ಎತ್ತಿರಿ ಎಂದು ವೈನಿ ಹೇಳಿದರು.

ಎಂಟು ದಿನಕ್ಕೆ ಕೆಲಸದ ಪತ್ರ ಬಂತು. ಅವರು ಓದಿದ ಮೊದಲ ಪುಸ್ತಕ ಈಗ ಮೊಬೈಲಿನಲ್ಲಿ ಸಿಗುತ್ತದೆ, ನಾನು ಅಂಗಡಿಯಲ್ಲಿ ತಂತಿ ಸುತ್ತುತ್ತ ಕೇಳುತ್ತೇನೆ. ಹಗಲು ಎದುರಿನ ಹಿಟ್ಟಿನ ಗಿರಣಿಯ ಸದ್ದು, ಆದ್ದರಿಂದ ವೈನಿ ಓದುವುದು ಸಂಜೆ ಆರರಿಂದ ಒಂಬತ್ತರವರೆಗೆ. ಆ ಹೊತ್ತು ಅವರ ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. ಆದ್ದರಿಂದ ಸರ್ ದಿನವೂ ಆರಕ್ಕೆ ಸರಿಯಾಗಿ ನಮ್ಮ ಮನೆಗೆ ಬರುತ್ತಾರೆ, ಒಂಬತ್ತರವರೆಗೆ ಮಾತಾಡುತ್ತಾರೆ. ಅವರು ನಿಲ್ಲಿಸಿದಾಗ ನಾನು ಶುರು ಮಾಡುತ್ತೇನೆ, ಈ ಜಿಡಗಾದ ಕಥೆಯನ್ನೇ ನಾಲ್ಕು ಸಲ ಹೇಳಿದ್ದೇನೆ.

ಮೊನ್ನೆ ಅವರು ಹೋದ ಮೇಲೆ ಮುಮತಾಜ ಚಹಾದ ಕಪ್ಪುಗಳನ್ನು ಎತ್ತುತ್ತ, ಆ ಕಂಪನಿಯಲ್ಲಿ ಇನ್ನೊಂದು ಜಾಗ ಖಾಲಿ ಇದೆಯೇನು ಕೇಳಿ ನೋಡಿ ಅಂದಳು. ನೀನೂ ಕಥೆ ಓದುತ್ತೀಯಾ ಎಂದು ಕೇಳಿದೆ. ಓದುವುದೆಲ್ಲ ತನಗೆ ಬಾರದು, ಮನೆಯಲ್ಲಿ ಮೂರು ತಾಸು ಯಾರೂ ಮಾತಾಡಬಾರದೆಂದು ಅವರದೊಂದು ಪತ್ರ ಬಂದರೆ ಸಾಕು ಅಂದಳು.